ಕೊಡಗಿನಲ್ಲಿ ಕಣ್ಗಾವಲಿನ ದೃಶ್ಯ ಬರೆಯುವುದು ಹೇಗೆ: ಕ್ರೈಂ ಧಾರಾವಾಹಿಯವರಿಗೆ

ಮೊದಲು ಆ ಕಾರನ್ನು ತೆಗೆದುಹಾಕಿ. ಶಂಕಿತನ ಗೇಟಿನ ಎದುರು ಕಾರು ನಿಲ್ಲಿಸಿಕೊಂಡು ಇಬ್ಬರು ಪತ್ತೇದಾರರು ರಾತ್ರಿಯಿಡೀ ಕಾಯುವ ದೃಶ್ಯ ನನ್ನ ಕೈಗೆ ಬರುವ ಕರಡುಗಳಲ್ಲಿ ತಪ್ಪದೆ ಇರುತ್ತದೆ. ಬೆಂಗಳೂರಿನ ಬಡಾವಣೆಯಲ್ಲಿ ಅದು ನಡೆದೀತು. ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದ ಕಡೆ ನಿಂತ ಕಾರನ್ನು ಯಾರು ವಿಚಾರಿಸುತ್ತಾರೆ? ಆದರೆ ಸಿದ್ದಾಪುರದಿಂದ ಒಳಗೆ, ಒಂದು ತೋಟ ಮುಗಿಯುತ್ತಲೇ ಇನ್ನೊಂದು ತೋಟ ಶುರುವಾಗುವ ರಸ್ತೆಯಲ್ಲಿ ಅದೇ ಕಾರು ಸ್ವಲ್ಪ ಹೊತ್ತು ನಿಂತರೆ ಸಾಕು, ತೋಟದ ಲೆಕ್ಕ ಬರೆಯುವ ರೈಟರ್ ಬೈಕ್ ನಿಲ್ಲಿಸಿ "ಯಾರ ತೋಟಕ್ಕೆ ಬಂದದ್ದು?" ಎಂದು ಕೇಳಿಯೇ ಮುಂದೆ ಹೋಗುವುದು. ರಾತ್ರಿಯಾದರೆ ಆ ಭಾಗದಲ್ಲಿ ಆನೆಗಳ ಓಡಾಟ. ಅಲ್ಲಿ ದೀಪ ಆರಿಸಿ ಕಾರಿನೊಳಗೆ ಕೂರುವ ಪೊಲೀಸರನ್ನು ನಾನು ಕಂಡಿಲ್ಲ.

ನಾನು ಮಡಿಕೇರಿಯಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ, ಊರು ಸೋಮವಾರಪೇಟೆ ಕಡೆ. ಟಿವಿಗೆ ಕ್ರೈಂ ಸಂಚಿಕೆ ಬರೆಯುವ ಗೆಳತಿಯ ಕರಡು ಓದಿ ಕೊಡುತ್ತಿದ್ದೆ, ಈಗ ಬೇರೆಯವರೂ ಕಳಿಸುತ್ತಾರೆ. ಮಂಜು, ಕಾಫಿ, ಕೋವಿ ಎಂದುಕೊಂಡು ಕತೆಯನ್ನು ಕೊಡಗಿಗೆ ತರುವವರು ಹೆಚ್ಚಾಗಿದ್ದಾರೆ. ತರಲಿ, ನನಗೂ ಸಂತೋಷವೇ. ನಾನು ಇಷ್ಟು ಉದ್ದಕ್ಕೆ ಬರೆಯಲು ಕಾರಣ ಬೇರೆ. ನಮ್ಮ ಜನ ಪೊಲೀಸರ ಅಧಿಕಾರ ಎಷ್ಟು, ಎಲ್ಲಿಗೆ ನಿಲ್ಲುತ್ತದೆ ಎಂಬುದನ್ನು ಕಲಿಯುವುದು ಟಿವಿಯಿಂದ. "ನಮ್ಮ ಫೋನೆಲ್ಲ ಕೇಳಿಸಿಕೊಂಡಿದ್ದಾರಂತಲ್ಲ ಮೇಡಂ, ಇನ್ನೇನು, ಒಪ್ಪಿಕೊಂಡುಬಿಡ್ತೇನೆ" ಎಂದು ಏನೂ ಮಾಡದ ಹುಡುಗ ನನ್ನೆದುರು ಕೂತು ಹೇಳಿದ್ದುಂಟು. ಅವನ ಫೋನನ್ನು ಯಾರೂ ಕೇಳಿರಲಿಲ್ಲ. ಕೇಳಲು ಕಾನೂನೂ ಬಿಡುತ್ತಿರಲಿಲ್ಲ. ಅವನಿಗೆ ಆ ಭಯ ಕಲಿಸಿದ್ದು ಧಾರಾವಾಹಿ.

ಹಾಗಾಗಿ ಪ್ರತಿ ದೃಶ್ಯಕ್ಕೂ ಎರಡು ಪ್ರಶ್ನೆ ಕೇಳಿಕೊಂಡು ಬರೆಯಿರಿ. ನೋಡುತ್ತಿರುವವನನ್ನು ಯಾರು ನೋಡುತ್ತಿದ್ದಾರೆ? ಅವನ ಜೇಬಿನಲ್ಲಿರುವ ಕಾಗದಕ್ಕೆ ಯಾರ ಸಹಿ ಇದೆ?

ಮಫ್ತಿಯಲ್ಲಿ ಬಂದವನು

ಮಫ್ತಿಯಲ್ಲಿರುವ ಪೊಲೀಸ್‌ಗೆ ಊರಲ್ಲಿ ನಿಲ್ಲಲು ಒಂದು ನೆಪ ಬೇಕು, ಆ ನೆಪ ಊರಿನ ಲೆಕ್ಕಕ್ಕೆ ಹೊಂದಬೇಕು. ಲೈನ್‌ಮನ್ ವೇಷ ಬರೆಯುತ್ತಾರೆ. ಇಲ್ಲಿ ಲೈನ್‌ಮನ್ ಎಂದರೆ ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಫೋನ್ ಮಾಡಿ ಕರೆಸುವ ಮನುಷ್ಯ; ಹೊಸ ಮುಖ ಕಂಬ ಹತ್ತಿದರೆ "ನಮ್ಮವನಿಗೆ ಏನಾಯಿತು?" ಎಂದು ಆಫೀಸಿಗೆ ಫೋನ್ ಹೋಗುತ್ತದೆ. ಭಿಕ್ಷುಕನ ವೇಷವಂತೂ ಬೇಡವೇ ಬೇಡ.

ನಡೆಯುವ ನೆಪಗಳು ಬೇರೆ ಇವೆ. ಹೋಂಸ್ಟೇ ಇವುಗಳಲ್ಲಿ ಮೊದಲನೆಯದು. ಶನಿವಾರ, ಭಾನುವಾರ ಬೆಂಗಳೂರು ನಂಬರಿನ ಕಾರು ಎಲ್ಲಿ ನಿಂತರೂ ಯಾರೂ ತಿರುಗಿ ನೋಡುವುದಿಲ್ಲ. ಅದೇ ಕಾರು ಜುಲೈ ತಿಂಗಳ ಮಂಗಳವಾರ ನಿಂತರೆ ಮಾತಾಗುತ್ತದೆ. ನಂಬರ್ ಪ್ಲೇಟನ್ನು ಕಡೆಗಣಿಸಬೇಡಿ. ಕೆಎ 12 ನಮ್ಮದು. ಕೆಎಲ್ 13 ಕಣ್ಣೂರು, ಕೆಎಲ್ 12 ವಯನಾಡು. ಪ್ಲೇಟ್ ನೋಡಿ ಈ ವಾಹನ ಮಾಕುಟ್ಟದ ಘಾಟಿ ಹತ್ತಿ ಬಂದಿರಬೇಕು ಅಥವಾ ಕುಟ್ಟದ ಕಡೆಯಿಂದ ಬಂದಿರಬೇಕು ಎಂದು ಪೆಟ್ಟಿಗೆ ಅಂಗಡಿಯವನೂ ಅಂದಾಜು ಮಾಡುತ್ತಾನೆ. ಕರಿಮೆಣಸು ಕೊಳ್ಳುವ ಏಜೆಂಟ್ ಇನ್ನೊಂದು ಒಳ್ಳೆಯ ನೆಪ. ಜೇಬಿನಲ್ಲಿ ನಾಲ್ಕು ಕಾಳಿನ ಸ್ಯಾಂಪಲ್ ಇಟ್ಟುಕೊಂಡು ಮನೆ ಮನೆಗೆ ಹೋಗಬಹುದು, ಕಣದಲ್ಲಿ ಏನು ಒಣಗುತ್ತಿದೆ ಎಂದು ಕಣ್ಣಾರೆ ನೋಡಬಹುದು. ಆದರೆ ಅವನಿಗೆ ಆವತ್ತಿನ ರೇಟ್ ಗೊತ್ತಿರಲೇಬೇಕು. ರೇಟ್ ಕೇಳಿದಾಗ ತಡವರಿಸಿದ ಏಜೆಂಟ್‌ನ ಕತೆ ಅಲ್ಲಿಗೆ ಮುಗಿಯಿತು. ಇಂಥದ್ದೊಂದು ತಡವರಿಕೆಯಿಂದಲೇ ಒಂದು ಸಂಚಿಕೆ ಕಟ್ಟಬಹುದು.

ಸಂತೆಯ ದಿನ ಪಟ್ಟಣದಲ್ಲಿ ಹೊರಗಿನವನು ಕಾಣುವುದಿಲ್ಲ. ಮಡಿಕೇರಿಯಲ್ಲಿ ಶುಕ್ರವಾರ, ಶನಿವಾರಸಂತೆಯಲ್ಲಿ ಹೆಸರೇ ಹೇಳುವಂತೆ ಶನಿವಾರ. ತೋಟದವರೆಲ್ಲ ಸಾಮಾನಿಗೆ ಬರುವ ದಿನ ಅದು, ಎರಡು ಕಡೆಯವರು ಭೇಟಿಯಾಗುವುದೂ ಆವತ್ತೇ. ಹಿಂಬಾಲಿಸುವ ದೃಶ್ಯ ಬೇಕೇಬೇಕು ಎನ್ನುವವರು ಅದನ್ನು ಸಂತೆಯೊಳಗೆ, ಕಾಲ್ನಡಿಗೆಯಲ್ಲಿ ಬರೆಯಿರಿ. ರಸ್ತೆಯಲ್ಲಿ ಬೇಡ. ನಮ್ಮ ಜಿಲ್ಲೆಗೆ ರೈಲಿಲ್ಲ. ಒಳಗೆ ಬರುವ, ಹೊರಗೆ ಹೋಗುವ ದೊಡ್ಡ ರಸ್ತೆಗಳು ಕೈಬೆರಳಲ್ಲಿ ಎಣಿಸುವಷ್ಟು: ಸಂಪಾಜೆ, ಕುಶಾಲನಗರ, ಆನೆಚೌಕೂರು, ಕುಟ್ಟ, ಮಾಕುಟ್ಟ, ಕರಿಕೆ, ಆ ಕಡೆ ಕೊಡ್ಲಿಪೇಟೆ. ಇಲ್ಲಿ ತಿರುವುಗಳ ರಸ್ತೆಯಲ್ಲಿ ಹಿಂದೆ ಒಂದೇ ವಾಹನ ಅರ್ಧ ಗಂಟೆ ಬಂದರೆ ಎದುರಿನವನಿಗೆ ಗೊತ್ತಾಗಿಯೇ ಆಗುತ್ತದೆ. ಆದ್ದರಿಂದ ಗೊತ್ತಿರುವ ಪೊಲೀಸರು ಹಿಂಬಾಲಿಸುವುದಿಲ್ಲ, ಮುಂದಿನ ಗೇಟಿಗೆ ಫೋನ್ ಮಾಡುತ್ತಾರೆ. ಚೆಕ್‌ಪೋಸ್ಟಿನಲ್ಲಿ ಕಾಯುವ ಆ ಹೊತ್ತಿಗೆ ಅಟ್ಟಿಸಿಕೊಂಡು ಹೋಗುವುದಕ್ಕಿಂತ ಹೆಚ್ಚು ಬಿಗಿ ಇರುತ್ತದೆ, ನಂಬಿ. ಸಂಪಾಜೆಯಲ್ಲಿ ದಾಟಿದ್ದಾನೆ ಎಂದು ಗೊತ್ತು, ಕುಶಾಲನಗರದ ಸೇತುವೆಗೆ ಬಂದಿಲ್ಲ ಎಂದೂ ಗೊತ್ತು. ಹಾಗಾದರೆ ನಡುವೆ ಎಲ್ಲಿ ಇಳಿದ?

ಕೋವಿಯ ವಿಷಯವನ್ನು ಇಲ್ಲೇ ಹೇಳಿಬಿಡುತ್ತೇನೆ. ತೋಟದಲ್ಲಿ ಕೋವಿ ಹಿಡಿದವನನ್ನು ಕಂಡ ಕೂಡಲೇ ನಿಮ್ಮ ಇನ್‌ಸ್ಪೆಕ್ಟರ್ ಪಿಸ್ತೂಲ್ ತೆಗೆಯುವುದು ಬೇಡ. ಕೊಡವರಿಗೂ ಜಮ್ಮಾ ಎಂಬ ಹಳೆಯ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಕಾಯ್ದೆಯ ಪರವಾನಗಿಯಿಂದ ವಿನಾಯಿತಿ ಇದೆ. 2019ರ ಅಧಿಸೂಚನೆಯ ಪ್ರಕಾರ ಅದು 2029ರ ಅಕ್ಟೋಬರ್ 31ರವರೆಗೆ ನಡೆಯುತ್ತದೆ. ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಗುಂಡು ಹಾರುತ್ತದೆ. ಆ ಒಂದು ರಾತ್ರಿ ಗುಂಡಿನ ಸದ್ದು ಕೇಳಿ ಯಾರೂ ಬಾಗಿಲು ತೆಗೆದು ನೋಡುವುದಿಲ್ಲ. ಇದನ್ನು ಯಾವ ಕತೆಗಾರರೂ ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ ಎಂಬುದು ನನಗೆ ಆಶ್ಚರ್ಯ.

ಲೈನ್‌ಮನೆಗಳ, ಅಂದರೆ ತೋಟದ ಕಾರ್ಮಿಕರು ಇರುವ ಸಾಲುಮನೆಗಳ ಬಗ್ಗೆ ಒಂದು ಕೋರಿಕೆ. ಕಳವಾದ ಮಾರನೇ ದಿನ ಪೊಲೀಸ್ ಜೀಪು ಮೊದಲು ಹೋಗುವುದು ಕಾರ್ಮಿಕರ ಲೈನಿಗೆ. ಅಸ್ಸಾಮಿನಿಂದ, ಬಂಗಾಳದಿಂದ ಬಂದವರ ಆಧಾರ್ ಪ್ರತಿಗಳು ಮಾಲೀಕರ ಕಡತದಲ್ಲಿ ಮೊದಲೇ ಇರುತ್ತವೆ, ಅವರನ್ನು ಗುರುತಿಸುವುದು ಸುಲಭ. ಅದು ನಡೆಯುವ ವಿಷಯ, ಬರೆಯಿರಿ. ಆದರೆ ಒಳಗಿನಿಂದ ಬರೆಯಿರಿ. ಕ್ಯಾಮೆರಾ ಜೀಪಿನೊಳಗೆ ಇರುವ ಬದಲು ಲೈನಿನ ಬಾಗಿಲೊಳಗೆ ಇರಲಿ. ಅನ್ನ ಒಲೆಯ ಮೇಲಿದೆ, ಮಗು ಮಲಗಿದೆ, ಹೊರಗೆ ಹೆಡ್‌ಲೈಟ್ ಬೆಳಕು ಗೋಡೆಯ ಮೇಲೆ ಹಾದುಹೋಗುತ್ತದೆ. ನೋಡಲ್ಪಡುವವರ ಕಡೆಯಿಂದ ಒಂದೇ ಒಂದು ದೃಶ್ಯವೂ ಇಲ್ಲದ ಕಣ್ಗಾವಲಿನ ಕತೆಯನ್ನು ನಾನು ಪೂರ್ತಿ ಎಂದು ಒಪ್ಪುವುದಿಲ್ಲ.

ಕದ್ದಾಲಿಕೆಗೆ ಜಡ್ಜ್ ಸಹಿ ಹಾಕುವುದಿಲ್ಲ

ಕರಡುಗಳಲ್ಲಿ ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆಯುವುದು ಇಲ್ಲಿ. ಇನ್‌ಸ್ಪೆಕ್ಟರ್ ನ್ಯಾಯಾಧೀಶರ ಮನೆಗೆ ರಾತ್ರಿ ಹೋಗಿ ಫೋನ್ ಟ್ಯಾಪ್ ಮಾಡಲು ವಾರಂಟ್ ತರುತ್ತಾನೆ. ಇದು ಅಮೆರಿಕದ ಧಾರಾವಾಹಿಗಳಿಂದ ಬಂದದ್ದು. ಬಾಲ್ಟಿಮೋರ್ ಪೊಲೀಸರ ಕದ್ದಾಲಿಕೆಯ ಸುತ್ತಲೇ ಕಟ್ಟಿದ, 2002ರಿಂದ 2008ರವರೆಗೆ ಎಚ್‌ಬಿಒದಲ್ಲಿ ಬಂದ 'ದಿ ವೈರ್' ನೋಡಿದವರಿಗೆ ಗೊತ್ತಿರುತ್ತದೆ. ಅಲ್ಲಿ 1968ರ ಕಾನೂನಿನಂತೆ ನ್ಯಾಯಾಧೀಶರ ಅನುಮತಿ ಬೇಕು, ಅದು ಒಂದು ಸಲಕ್ಕೆ 30 ದಿನ. ಕೇಸಿಗೆ ಸಂಬಂಧವಿಲ್ಲದ ಮಾತು ಬಂದರೆ ಕೇಳುವುದನ್ನು ನಿಲ್ಲಿಸಬೇಕು. ಬೀದಿಯ ಸಾರ್ವಜನಿಕ ಫೋನಿನಲ್ಲಿ ಮಾತಾಡುತ್ತಿರುವುದು ಯಾರು ಎಂದು ಖಚಿತಪಡಿಸಲು ಒಬ್ಬ ಚಾವಣಿಯ ಮೇಲೆ ಕೂತು ಕಣ್ಣಿಟ್ಟಿರುತ್ತಾನೆ. ಆ ಕತೆಗೆ ಬಲ ಬಂದದ್ದು ಅವರ ಊರಿನ ಕಾನೂನಿನ ಕಟ್ಟುಪಾಡುಗಳಿಂದಲೇ. ನಮ್ಮ ಕತೆ ನಮ್ಮ ಕಟ್ಟುಪಾಡುಗಳ ಮೇಲೆ ನಿಲ್ಲಬೇಕು.

ನಮ್ಮಲ್ಲಿ ಸಹಿ ಗೃಹ ಕಾರ್ಯದರ್ಶಿಯದು. ಕೇಂದ್ರದ ಸಂಸ್ಥೆಯಾದರೆ ಕೇಂದ್ರದ ಗೃಹ ಕಾರ್ಯದರ್ಶಿ, ರಾಜ್ಯ ಪೊಲೀಸರಾದರೆ ರಾಜ್ಯದ ಗೃಹ ಕಾರ್ಯದರ್ಶಿ. 1885ರ ಟೆಲಿಗ್ರಾಫ್ ಕಾಯ್ದೆಯ 5(2)ನೇ ಕಲಮಿನಿಂದ ಬಂದ ಅಧಿಕಾರ ಇದು. ಬಹಳ ವರ್ಷ ಇದನ್ನು ಬಳಸುವ ವಿಧಾನಕ್ಕೆ ನಿಯಮಗಳೇ ಇರಲಿಲ್ಲ. ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ ಹೂಡಿದ ಕೇಸಿನಲ್ಲಿ 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮೊದಲ ಬಾರಿಗೆ ಬೇಲಿ ಹಾಕಿತು: ಯಾರು ಆದೇಶ ಕೊಡಬೇಕು, ಎಷ್ಟು ದಿನ, ಯಾರು ಪರಿಶೀಲಿಸಬೇಕು. ಅದು 2007ರಲ್ಲಿ ನಿಯಮವಾಯಿತು. ಈಗ 2023ರ ದೂರಸಂಪರ್ಕ ಕಾಯ್ದೆ ಮತ್ತು 2024ರ ಡಿಸೆಂಬರಿನ ನಿಯಮಗಳು ಆ ಜಾಗಕ್ಕೆ ಬಂದಿವೆ. ಆದೇಶಕ್ಕೆ 60 ದಿನ ಆಯಸ್ಸು; ವಿಸ್ತರಿಸಿದರೂ ಒಟ್ಟು 180 ದಿನ ಮೀರುವಂತಿಲ್ಲ. ತುರ್ತಿನಲ್ಲಿ ಐಜಿ ದರ್ಜೆಗಿಂತ ಕಡಿಮೆಯಿಲ್ಲದ ಅಧಿಕಾರಿ ಮೊದಲು ಆದೇಶಿಸಬಹುದು, ಆದರೆ ಏಳು ಕೆಲಸದ ದಿನಗಳೊಳಗೆ ಮೇಲಿನ ಒಪ್ಪಿಗೆ ಬರದಿದ್ದರೆ ಕದ್ದಾಲಿಕೆ ನಿಲ್ಲಬೇಕು.

ಈ ಏಳು ದಿನವನ್ನು ಗಮನಿಸಿ. ಕತೆಗಾರರಿಗೆ ಗಡಿಯಾರ ಬೇಕು ಎನ್ನುತ್ತೀರಲ್ಲ, ಕಾನೂನೇ ಕೊಟ್ಟಿದೆ. ಐದನೇ ದಿನ ಶಂಕಿತ ಮೊದಲ ಸಲ ಬಾಯಿ ಬಿಡುತ್ತಾನೆ, ಕಡತ ಇನ್ನೂ ಬೆಂಗಳೂರಿನಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಇದಕ್ಕಿಂತ ಒಳ್ಳೆಯ ಬಿಕ್ಕಟ್ಟನ್ನು ಕೃತಕವಾಗಿ ಹುಟ್ಟಿಸಬೇಕಾಗಿಲ್ಲ.

ಅಧಿಕಾರ ಯಾವುದಕ್ಕೆ ಎಂಬುದು ಇನ್ನೂ ಮುಖ್ಯ. ಸಾರ್ವಜನಿಕ ತುರ್ತು ಪರಿಸ್ಥಿತಿ ಇರಬೇಕು ಅಥವಾ ಸಾರ್ವಜನಿಕ ಸುರಕ್ಷತೆಗೆ ಧಕ್ಕೆ ಇರಬೇಕು. ಸುಪ್ರೀಂ ಕೋರ್ಟ್ ಇವನ್ನು ಗುಟ್ಟಾದ ಸ್ಥಿತಿಗಳೆಂದು ಬಿಡಲಿಲ್ಲ, ಸಾಮಾನ್ಯ ಮನುಷ್ಯನಿಗೂ ಕಾಣುವಂತೆ ಇರಬೇಕು ಎಂದಿತು. 2019ರಲ್ಲಿ ಬಾಂಬೆ ಹೈಕೋರ್ಟ್ ಲಂಚದ ಕೇಸೊಂದರಲ್ಲಿ ಕದ್ದಾಲಿಕೆಯ ಆದೇಶಗಳನ್ನೇ ರದ್ದು ಮಾಡಿ, ಧ್ವನಿಮುದ್ರಣ ನಾಶ ಮಾಡಲು ಹೇಳಿತು. ಹಾಗಿರುವಾಗ ಗೋದಾಮಿನಿಂದ ಕಾಫಿ ಮೂಟೆ ಕದ್ದವನ, ಬೀಟೆ ಮರ ಕಡಿದು ಸಾಗಿಸುವವನ ಫೋನನ್ನು ನಮ್ಮ ಠಾಣೆಯ ಎಸ್‌ಐ ಕೂತು ಕೇಳಿಸಿಕೊಳ್ಳುತ್ತಾನೆ ಎಂದು ಬರೆದರೆ ನೀವು ಒಂದು ಅಪರಾಧವನ್ನು ಮಾಮೂಲು ಕೆಲಸವೆಂಬಂತೆ ತೋರಿಸುತ್ತಿದ್ದೀರಿ. ಬರೆಯಬೇಡಿ ಎನ್ನುವುದಿಲ್ಲ. ಕದ್ದು ಕೇಳಿದ ಎಂದು ಬರೆಯಿರಿ, ಅದರ ಬೆಲೆಯನ್ನೂ ಅವನಿಂದ ಕಟ್ಟಿಸಿ. ನಮ್ಮ ರಾಜ್ಯದಲ್ಲಿ 1988ರಲ್ಲಿ ಟೆಲಿಫೋನ್ ಕದ್ದಾಲಿಕೆಯ ಆರೋಪದ ನಡುವೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟದ್ದು ಹಿರಿಯರಿಗೆ ನೆನಪಿದೆ. ಮುಖ್ಯಮಂತ್ರಿಯ ಕುರ್ಚಿ ಅಲ್ಲಾಡಿದ ವಿಷಯಕ್ಕೆ ನಿಮ್ಮ ಧಾರಾವಾಹಿಯ ಎಸ್‌ಐಗೆ ಮೆಮೊ ಕೂಡ ಬರುವುದಿಲ್ಲವೆಂದರೆ ಹೇಗೆ?

ಮನೆ ಬಾಗಿಲಿನ ಕಣ್ಗಾವಲಿಗೂ ಒಂದು ಹಳೆಯ ತೀರ್ಪಿದೆ, ಬರೆಯುವವರು ಓದಲೇಬೇಕು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರನ್ನು 1941ರಲ್ಲಿ ಡಕಾಯಿತಿ ಕೇಸಿನಲ್ಲಿ ಹಿಡಿದು ಸಾಕ್ಷ್ಯವಿಲ್ಲವೆಂದು ಬಿಟ್ಟರು. ಬಿಟ್ಟ ಮೇಲೂ ಪೊಲೀಸರು ಅವರ ಹೆಸರಿಗೆ ಹಿಸ್ಟರಿ ಶೀಟ್, ಅಂದರೆ ನಿಗಾ ಇಡಬೇಕಾದವರ ಕಡತ ತೆರೆದರು. ಚೌಕಿದಾರ, ಕಾನ್‌ಸ್ಟೇಬಲ್ ರಾತ್ರಿ ಬಾಗಿಲು ಬಡಿಯುವುದು, ಊರಿಗೆ ಹೋಗಬೇಕಾದರೆ ಎಲ್ಲಿಗೆ ಎಂದು ಹೇಳಿ ಹೋಗಬೇಕು, ಬೇರೆ ಊರಿನ ಠಾಣೆಗೂ ಸುದ್ದಿ ಮುಟ್ಟಿಸುವುದು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1962ರ ಡಿಸೆಂಬರಿನ ತೀರ್ಪು ರಾತ್ರಿ ಬಾಗಿಲು ಬಡಿಯುವುದನ್ನು ರದ್ದು ಮಾಡಿತು, ಆದರೆ ಖಾಸಗಿತನ ಮೂಲಭೂತ ಹಕ್ಕಲ್ಲ ಎಂದಿತು. ಆ ಮಾತನ್ನು ತಳ್ಳಿಹಾಕಲು 2017ರ ಆಗಸ್ಟ್ 24ರ ಒಂಬತ್ತು ನ್ಯಾಯಮೂರ್ತಿಗಳ ಪೀಠವೇ ಬೇಕಾಯಿತು. ನಿಮ್ಮ ಕತೆಯ ಬೀಟ್ ಕಾನ್‌ಸ್ಟೇಬಲ್ ರೌಡಿ ಶೀಟ್‌ನಲ್ಲಿರುವವನ ಮನೆ ಬಾಗಿಲು ರಾತ್ರಿ ಒಂದು ಗಂಟೆಗೆ ಬಡಿದರೆ, ಒಳಗಿರುವ ಹೆಂಗಸಿಗೆ ಇಷ್ಟು ಗೊತ್ತಿದ್ದು "ಬೆಳಿಗ್ಗೆ ಬನ್ನಿ ಸರ್" ಎಂದು ಹೇಳುವ ಧೈರ್ಯ ಕೊಡಿ.

ಸಿಡಿಆರ್ ಓದುವ ದೃಶ್ಯ

ಕದ್ದಾಲಿಕೆ ಇಲ್ಲದಿದ್ದರೆ ಉಳಿಯುವುದೇನು ಎಂದು ಕೇಳುತ್ತಾರೆ. ಉಳಿಯುವುದು ಸಿಡಿಆರ್, ಅಂದರೆ ಕರೆಗಳ ದಾಖಲೆ. ನಿಜವಾದ ತನಿಖೆಗಳಲ್ಲಿ ಕೆಲಸ ಮಾಡುವುದೂ ಅದೇ. ಅದರಲ್ಲಿ ಮಾತು ಇರುವುದಿಲ್ಲ. ಯಾವ ನಂಬರಿನಿಂದ ಯಾವ ನಂಬರಿಗೆ, ಯಾವ ದಿನ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡ್, ಕರೆ ಶುರುವಾದ ಟವರ್, ಮುಗಿದ ಟವರ್, ಹ್ಯಾಂಡ್‌ಸೆಟ್ಟಿನ 15 ಅಂಕಿಯ ಗುರುತು ಸಂಖ್ಯೆಯಾದ ಐಎಂಇಐ. ಇದು ಎಸ್‌ಪಿ ಕಚೇರಿಯ ಮೂಲಕ ಕಂಪನಿಗೆ ಹೋಗಿ ಬರಬೇಕು. ಕಂಪನಿಗಳು ಎರಡು ವರ್ಷ ಇಟ್ಟುಕೊಳ್ಳಬೇಕೆಂಬ ಷರತ್ತಿದೆ, ಹಾಗಾಗಿ "ಹತ್ತು ವರ್ಷದ ಹಿಂದಿನ ಕರೆ ತೆಗೆಸು" ಎಂಬ ಸಂಭಾಷಣೆ ಬೇಡ.

ದೃಶ್ಯವನ್ನು ದೊಡ್ಡ ಪರದೆ, ನೀಲಿ ಬೆಳಕು, ತಿರುಗುವ ಭೂಪಟಗಳಿಂದ ತುಂಬಬೇಡಿ. ಒಂದು ಕಂಪ್ಯೂಟರ್, ಎಕ್ಸೆಲ್ ಹಾಳೆ, ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಸಾಕು. ಅವಳು ಮೊದಲು ಮಾಡುವುದು ಐಎಂಇಐ ಅಂಕಣವನ್ನು ವಿಂಗಡಿಸುವುದು. ಕಳ್ಳ ಸಿಮ್ ಬದಲಿಸುತ್ತಾನೆ, ಹ್ಯಾಂಡ್‌ಸೆಟ್ ಬದಲಿಸಲು ಜಿಪುಣತನ. ಒಂದೇ ಐಎಂಇಐ ಎದುರು ಎರಡು ನಂಬರ್ ಕಂಡ ಕೂಡಲೇ ಅವಳ ಕೈ ಮೌಸ್ ಮೇಲೆ ನಿಲ್ಲುತ್ತದೆ. ಆಮೇಲೆ ಅವಳು ಚಿಕ್ಕ ಕರೆಗಳನ್ನು ಹುಡುಕುತ್ತಾಳೆ. ನಾಲ್ಕು ಸೆಕೆಂಡ್, ಆರು ಸೆಕೆಂಡ್. ಇಷ್ಟು ಹೊತ್ತಿನಲ್ಲಿ "ಬಂದೆ" ಎಂಬ ಒಂದು ಮಾತು ಹಿಡಿಸಬಹುದು, ಅಷ್ಟೇ. ಅಂಥ ಕರೆ ಪ್ರತಿ ಶನಿವಾರ ಸಂಜೆ, ಒಂದೇ ನಂಬರಿಗೆ. ಶನಿವಾರ ಎಲ್ಲಿ ಸಂತೆ? ಅವಳು ಕುರ್ಚಿ ತಿರುಗಿಸಿ ಪಕ್ಕದವನಿಗೆ ಹೇಳುವ ಮಾತು ಇಷ್ಟೇ ಇರಲಿ: "ಶನಿವಾರಸಂತೆಯಲ್ಲಿ ನಮ್ಮವರು ಯಾರಿದ್ದಾರೆ ಅಣ್ಣ?"

ಬೆಟ್ಟದ ಟವರ್ ಬೇರೆ ಥರ. ಪಟ್ಟಣದಲ್ಲಿ ಟವರ್‌ಗಳು ಒತ್ತೊತ್ತಾಗಿ ಇರುತ್ತವೆ, ಒಂದರ ವ್ಯಾಪ್ತಿ ಕೆಲವು ನೂರು ಮೀಟರ್. ನಮ್ಮಲ್ಲಿ ಒಂದು ಗುಡ್ಡದ ಮೇಲಿನ ಟವರ್ ಕೆಳಗಿನ ಕಣಿವೆ, ಆಚೆಯ ತೋಟ, ಅದರಾಚೆಯ ಊರನ್ನೂ ಹಿಡಿಯುತ್ತದೆ. ಅದೇ ಹೊತ್ತಿಗೆ ಗುಡ್ಡದ ಬೆನ್ನಿಗೆ ಅಂಟಿಕೊಂಡ ಮನೆಗೆ ಸಿಗ್ನಲ್ಲೇ ಇರುವುದಿಲ್ಲ. ಗಡಿಯಲ್ಲಿ ಫೋನ್ ಕೇರಳದ ಟವರಿಗೆ ಅಂಟಿಕೊಳ್ಳುತ್ತದೆ. ಮಾಕುಟ್ಟದ ಈಚೆ ನಿಂತವನ ದಾಖಲೆ ಆಚೆಯ ಟವರ್ ತೋರಿಸಬಹುದು, ಒಬ್ಬ ನಿರಪರಾಧಿ ಆ ಹೊತ್ತಿಗೆ ಬೇರೆ ರಾಜ್ಯದಲ್ಲಿದ್ದ ಎಂದು ಕಾಗದ ಹೇಳಬಹುದು. "ಟವರ್ ಲೊಕೇಶನ್ ಸಿಕ್ಕಿತು ಸರ್, ಇದೇ ಮನೆ" ಎಂಬ ಮಾತನ್ನು ಎಲ್ಲೇ ಕಂಡರೂ ಹೊಡೆದುಹಾಕಿ.

ಫೋನ್ ಸ್ವಿಚ್ ಆಫ್ ಆದದ್ದನ್ನೂ ತಪ್ಪೊಪ್ಪಿಗೆ ಎಂಬಂತೆ ಬರೆಯುತ್ತಾರೆ. ಜೂನ್ ಕೊನೆಗೆ ಬನ್ನಿ. ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲ, ಟವರಿನ ಡೀಸೆಲ್ ಮುಗಿದಿದೆ, ಊರಿಗೆ ಊರೇ ಸ್ವಿಚ್ ಆಫ್. ಆ ಮೂರು ದಿನದಲ್ಲಿ ಯಾರ ಫೋನ್ ಜೀವಂತ ಇತ್ತು ಎಂದು ಹುಡುಕುವ ಪೊಲೀಸನ್ನು ಬರೆಯಿರಿ. ಅವನಿಗೆ ಜನರೇಟರ್ ಇತ್ತೋ, ಅಥವಾ ಅವನು ಊರಲ್ಲೇ ಇರಲಿಲ್ಲವೋ? ಕತೆ ಅಲ್ಲಿಂದ ಹೊರಡುತ್ತದೆ.

ಸಿಸಿಟಿವಿ ಬಗ್ಗೆ ಚಿಕ್ಕದಾಗಿ: ಪೆಟ್ರೋಲ್ ಬಂಕಿನ, ಬೇಕರಿಯ ಕ್ಯಾಮೆರಾ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತಾ ಹೋಗುತ್ತದೆ, ತಡ ಮಾಡಿದರೆ ಇಲ್ಲ. ಅದರ ಗಡಿಯಾರ ಎಷ್ಟೋ ಕಡೆ ಸರಿಯಿರುವುದಿಲ್ಲ. ಜಾಣ ಕಾನ್‌ಸ್ಟೇಬಲ್ ಡಿವಿಆರ್ (ದೃಶ್ಯ ಉಳಿಸಿಕೊಳ್ಳುವ ಪೆಟ್ಟಿಗೆ) ಮುಟ್ಟುವ ಮೊದಲು ತನ್ನ ಫೋನಿನ ಹೊತ್ತನ್ನೂ ಪರದೆಯ ಹೊತ್ತನ್ನೂ ಪಕ್ಕಪಕ್ಕ ಮಹಜರಿನಲ್ಲಿ ಬರೆಸುತ್ತಾನೆ.

ಕೇಳುವ ಕಿವಿ

ಒಂದು ವೇಳೆ ನಿಮ್ಮ ಕತೆ ದೊಡ್ಡದು, ಗೃಹ ಕಾರ್ಯದರ್ಶಿಯ ಸಹಿಯೂ ಬಂತು ಎನ್ನಿ. ಆಗ ಕೇಳುವವರು ಯಾರು? ನಮ್ಮ ಜಿಲ್ಲೆಯಲ್ಲಿ ಒಂದೇ ಕರೆಯಲ್ಲಿ ಮೂರು ಭಾಷೆ ಬರುತ್ತದೆ. ಹೆಂಡತಿಯ ಹತ್ತಿರ ಕೊಡವ ತಕ್ಕ್, ಲಾರಿ ಡ್ರೈವರ್ ಹತ್ತಿರ ಮಲಯಾಳ, ಮಾಲೀಕನ ಹತ್ತಿರ ಕನ್ನಡ. ಭಾಗಮಂಡಲದ ಕಡೆ ಅರೆಭಾಷೆ, ಲೈನಿನಲ್ಲಿ ಯರವರ ಮಾತು, ಹೊಸ ಕಾರ್ಮಿಕರದು ಅಸ್ಸಾಮಿ. ಹೆಡ್‌ಫೋನ್ ಹಾಕಿಕೊಂಡ ಬಯಲುಸೀಮೆಯ ಅಧಿಕಾರಿಗೆ ಅರ್ಧಕ್ಕರ್ಧ ಅರ್ಥವಾಗುವುದಿಲ್ಲ. ಅವನು ಜಿಲ್ಲೆಯಿಂದ ಒಬ್ಬಳನ್ನು ಕರೆಸಬೇಕು. ಅವಳಿಗೆ ಆ ದನಿ ಗುರುತಿನದ್ದಾಗಿರಬಹುದು, ದೂರದ ಸಂಬಂಧಿಯೂ ಆಗಿರಬಹುದು. ಶಂಕಿತ ತನ್ನ ಅಮ್ಮನ ಕಾಯಿಲೆ, ಅಕ್ಕನ ಮದುವೆಯ ಸಾಲದ ಮಾತಾಡುವುದನ್ನೆಲ್ಲ ಇವಳು ಕೇಳಬೇಕು, ಬರೆದುಕೊಡಬೇಕು. ಮುಂದಿನ ಮದುವೆ ಮನೆಯಲ್ಲಿ ಅದೇ ಅಮ್ಮ ಇವಳ ಪಕ್ಕ ಊಟಕ್ಕೆ ಕೂರುತ್ತಾಳೆ. ಯಾರೂ ನನ್ನನ್ನು ಕೇಳಿಲ್ಲ, ಆದರೂ ಹೇಳುತ್ತೇನೆ: ನಿಮ್ಮ ಧಾರಾವಾಹಿಯ ಮುಖ್ಯ ಪಾತ್ರ ಇನ್‌ಸ್ಪೆಕ್ಟರ್ ಬದಲು ಈ ಹೆಂಗಸೇ ಆಗಲಿ.

ಖಾಸಗಿ ಪತ್ತೇದಾರ

ಇವನ ವಿಷಯ ಬೇಗ ಮುಗಿಯುತ್ತದೆ. ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರರಿಗೆ ಪರವಾನಗಿ ಕೊಡುವ ಕಾಯ್ದೆಯೇ ಇಲ್ಲ. 2007ರಲ್ಲಿ ರಾಜ್ಯಸಭೆಗೆ ಬಂದ ಮಸೂದೆ ಕಾಯ್ದೆಯಾಗಲಿಲ್ಲ. ಅವನು ರಸ್ತೆಯಲ್ಲಿ ನಿಂತು ನೋಡಬಹುದು, ಕೇಳಿ ತಿಳಿಯಬಹುದು. ಸಿಡಿಆರ್ ತರಿಸುವಂತಿಲ್ಲ, ತರಿಸಿದರೆ ಅವನೇ ಆರೋಪಿ. ಬೇರೊಬ್ಬರ ಫೋನಿಗೆ ಆ್ಯಪ್ ಹಾಕುವಂತಿಲ್ಲ. ಮದುವೆಗೆ ಮುಂಚೆ ಹುಡುಗಿಯ ಬಗ್ಗೆ ವಿಚಾರಿಸಿ ಎಂದು ಇಂಥವರನ್ನು ನೇಮಿಸುವವರು ಇಲ್ಲೂ ಇದ್ದಾರೆ. ಅದನ್ನು ತಮಾಷೆಯ ಉಪಕತೆ ಮಾಡುತ್ತಾರೆ. ಹಿಂಬಾಲಿಸಲ್ಪಟ್ಟ ಹುಡುಗಿಯರ ಜತೆ ನಾನು ಮಾತಾಡಿದ್ದೇನೆ, ಅದರಲ್ಲಿ ತಮಾಷೆ ಏನೂ ಇಲ್ಲ.

ಕೋರ್ಟಿಗೆ ಬಂದ ಮೇಲೆ

ನೋಡಿದ್ದು, ಕೇಳಿದ್ದು ಎಲ್ಲ ಕೊನೆಗೆ ಸಾಕ್ಷ್ಯವಾಗಿ ನಿಲ್ಲಬೇಕು. 2024ರ ಜುಲೈ 1ರಿಂದ ಹೊಸ ಕಾಯ್ದೆಗಳು ಬಂದಿವೆ, ಕರಡಿನಲ್ಲಿ ಹಳೆಯ ಕಲಮುಗಳನ್ನು ಬರೆಯಬೇಡಿ, ಕತೆ ಅದಕ್ಕಿಂತ ಹಿಂದಿನದಾಗಿದ್ದರೆ ಬೇರೆ ಮಾತು. ಶೋಧ ಮತ್ತು ಜಪ್ತಿಯನ್ನು ವಿಡಿಯೊ ಮಾಡಬೇಕು, ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು. ನೆಟ್‌ವರ್ಕ್ ಇಲ್ಲದ ತೋಟದಲ್ಲಿ, ಮಳೆಯಲ್ಲಿ, ಪಂಚರನ್ನು ಪಕ್ಕ ನಿಲ್ಲಿಸಿಕೊಂಡು ಒಬ್ಬ ಪೇದೆ ಫೋನಿನಲ್ಲಿ ವಿಡಿಯೊ ಮಾಡುವುದು ಈಗ ನಿಜವಾಗಿ ನಡೆಯುವ ದೃಶ್ಯ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕು. ಅದಕ್ಕೆ ಎರಡು ಭಾಗ: ದಾಖಲೆ ಯಾರ ಹತೋಟಿಯಲ್ಲಿತ್ತೋ ಅವರದೊಂದು, ತಜ್ಞರದೊಂದು, ಜತೆಗೆ ಹ್ಯಾಶ್ ಮೌಲ್ಯ, ಅಂದರೆ ದಾಖಲೆ ಬದಲಾಗಿಲ್ಲವೆಂದು ತೋರಿಸುವ ಅಂಕಿ-ಅಕ್ಷರಗಳ ಗುರುತು. ಇದಿಲ್ಲದೆ ಎಷ್ಟು ಕಷ್ಟಪಟ್ಟು ತಂದ ಸಿಡಿಆರ್ ಆದರೂ ಬಿದ್ದುಹೋಗಬಹುದು.

ಪಾಟೀಸವಾಲಿನಲ್ಲಿ ವಕೀಲರು ಕೂಗುವುದಿಲ್ಲ, ಮೇಜು ಗುದ್ದುವುದಿಲ್ಲ. ಹೀಗೆ ನಡೆಯುತ್ತದೆ:

"ಈ ದಾಖಲೆ ನಿಮಗೆ ಹೇಗೆ ಬಂತು?"

"ಕಂಪನಿಯಿಂದ ಇ-ಮೇಲ್‌ನಲ್ಲಿ."

"ನಿಮ್ಮ ಇ-ಮೇಲ್‌ಗೆ?"

"ಇಲ್ಲ, ಎಸ್‌ಪಿ ಕಚೇರಿಗೆ."

"ಅಲ್ಲಿಂದ ನಿಮ್ಮ ಕೈಗೆ?"

"ಪೆನ್‌ಡ್ರೈವ್‌ನಲ್ಲಿ."

"ಪ್ರಿಂಟ್ ತೆಗೆದವರು?"

"ಠಾಣೆಯ ಸಿಬ್ಬಂದಿ."

"ಅವರ ಪ್ರಮಾಣಪತ್ರ ಕಡತದಲ್ಲಿದೆಯೇ?"

ಇಲ್ಲಿ ತನಿಖಾಧಿಕಾರಿ ಕಾಗದ ತಿರುವುತ್ತಾನೆ. ನಟನಿಗೆ ಹೇಳಿ, ಆ ತಿರುವುವಿಕೆಗೆ ಪೂರ್ತಿ ಹೊತ್ತು ಕೊಡಲಿ. ಮುಂದಿನ ಪ್ರಶ್ನೆ ಅದಕ್ಕಿಂತ ಕಠಿಣ: "ಈ ಟವರಿನ ವ್ಯಾಪ್ತಿಯಲ್ಲಿ ಎಷ್ಟು ಮ​ನೆಗಳಿವೆ? ನೀವು ಹೋಗಿ ನೋಡಿದ್ದೀರಾ?"

ಇದಕ್ಕೆ ಉತ್ತರ ಇರುವ ಪೊಲೀಸ್ ಅಪರೂಪ, ಅವನು ಪರದೆಯ ಮೇಲೆ ಬರಲೇಬೇಕಾದ ಮನುಷ್ಯ. ಅವನು ಒಂದು ಬೆಳಿಗ್ಗೆ ಬೇರೆ ಬೇರೆ ಕಂಪನಿಯ ಸಿಮ್ ಹಾಕಿದ ಫೋನುಗಳನ್ನು ಜೇಬಿಗೆ ಹಾಕಿಕೊಂಡು, ಇಂಬಳ (ಜಿಗಣೆ) ಹತ್ತದಂತೆ ಹೊಗೆಸೊಪ್ಪಿನ ಪುಡಿ ಕಾಲಿಗೆ ಹಚ್ಚಿಕೊಂಡು ತೋಟದೊಳಗೆ ನಡೆಯುತ್ತಾನೆ. ಗೋದಾಮಿನ ಬಾಗಿಲಲ್ಲಿ ಒಂದು ಕರೆ, ಕಣದಲ್ಲಿ ಒಂದು, ಲೈನಿನ ಎದುರು ಒಂದು, ಹಳ್ಳದ ಆಚೆ ಒಂದು. ಪ್ರತಿ ಕಡೆ ಯಾವ ಟವರಿನ ಯಾವ ಮುಖ ಹಿಡಿಯುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾನೆ. ಲೈನಿನ ಎದುರು ಬರುವ ಟವರ್ ಸಿಡಿಆರ್‌ನಲ್ಲಿರುವ ಟವರ್ ಅಲ್ಲ, ಹಾಗಾದರೆ ಹಿಡಿದು ತಂದ ಹುಡುಗ ಆ ಹೊತ್ತಿಗೆ ಲೈನಿನಿಂದ ಕರೆ ಮಾಡಿಲ್ಲ. ಮಾಲೀಕನ ಬಂಗಲೆಯ ವರಾಂಡದಲ್ಲಿ ಮಾತ್ರ ಅದು ಹಿಡಿಯುತ್ತದೆ. ಈ ನಡಿಗೆಯನ್ನು ಮಧ್ಯದ ಸಂಚಿಕೆಯಲ್ಲಿ ಪೂರ್ತಿಯಾಗಿ ಬರೆದು, ನೋಟ್‌ಬುಕ್ಕಿನ ಆ ಪುಟವನ್ನು ವೀಕ್ಷಕರಿಗೆ ತೋರಿಸಿ. ಅದು ಬರೆದಾಗದೆ ಕೋರ್ಟಿನ ದೃಶ್ಯಕ್ಕೆ ಕೈ ಹಾಕಬೇಡಿ.